ಹಸಿರು ಚೀಟಿಯ ಕ್ರಿಸ್‌ಮಸ್ ಆಲ್ಬಮ್

ಛಲ ಮತ್ತು ಹಟದ ನಡುವಿನ ವ್ಯತ್ಯಾಸವನ್ನು ನಾನು ಬಹಳ ವರ್ಷ ತುಂಬ ಸರಳವಾಗಿ ಇಟ್ಟುಕೊಂಡಿದ್ದೆ. ನಾನು ಮಾಡಿದರೆ ಛಲ, ನನ್ನ ಹೆಂಡತಿ ಸುಧಾ ಮಾಡಿದರೆ ಹಟ. ಈ ತಿಳುವಳಿಕೆ ಕೆಟ್ಟುಹೋದದ್ದು ಒಂದು ಕ್ರಿಸ್‌ಮಸ್ಸಿಗೆ. ಆಗ ನಾನು ನಾಸಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದೆ. ಹಗಲೆಲ್ಲ ಬೇರೆಯವರು ವಿಮಾನದ ತಗಡಿಗೆ ಬಡಿದ ರಿವೆಟ್ ಮೊಳೆಗಳಲ್ಲಿ ತಪ್ಪು ಹುಡುಕುವುದು, ಸಂಜೆ ಕಾಲೊನಿಯ ರಾಕ್ ತಂಡದಲ್ಲಿ ಹಾಡುವುದು. ಹಾಡು ಎಂದು ನಾನು ಹೇಳುತ್ತಿದ್ದೆ, ಸುಧಾ ಅದನ್ನು ಕಿರುಚಾಟ ಎನ್ನುತ್ತಿದ್ದಳು. ಶುರುವಿನಲ್ಲಿ ನನಗೆ ಭುಜದವರೆಗೆ ಕೂದಲಿತ್ತು. ಹದಿನೆಂಟು ವರ್ಷಗಳಲ್ಲಿ ಕೂದಲು ಹೋಗಿ ಕಿರುಚಾಟ ಮಾತ್ರ ಉಳಿಯಿತು.

ಆ ವರ್ಷದ ದೀಪಾವಳಿ ಮುಗಿದ ಮೇಲೆ ತಂಡದ ಡ್ರಮ್ಮರ್ ಫೆಲಿಕ್ಸ್ ಮನೆಗೆ ಬಂದ. ಉಡುಪಿ ಕಡೆಯವನು, ನಮ್ಮ ಕೆಳಗಿನ ಮನೆಯವನು, ಮೃದು ಮಾತಿನವನು. "ಬೇಜಾರು ಮಾಡ್ಬೇಡಿ ಸರ್. ನಿಮ್ಮ ಗಂಟಲು ಈಗ ಸ್ವಲ್ಪ ಭಾರ ಆಗಿದೆ ಮಾರಾಯ್ರೇ. ಈ ಹೊಸವರ್ಷದ ಕಾರ್ಯಕ್ರಮಕ್ಕೆ ನೀವು ಟ್ಯಾಂಬೊರಿನ್ ಆಡಿಸಿದ್ರೆ ಸಾಕು" ಎಂದ. ಟ್ಯಾಂಬೊರಿನ್ ಎಂದರೆ ಗಿಲಿಗಿಲಿ ಅನ್ನುವ ಬಳೆ. ಹದಿನೆಂಟು ವರ್ಷ ಮೈಕು ಹಿಡಿದ ಕೈಗೆ ಗಿಲಕಿ! ನನಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ಕ್ಯಾಂಟೀನಿನಲ್ಲಿ ಎಲ್ಲರೆದುರು ಘೋಷಿಸಿದೆ: ಡಿಸೆಂಬರ್ ಇಪ್ಪತ್ನಾಲ್ಕರ ಸಂಜೆ ಫೆಲಿಕ್ಸನ ಮನೆಯಲ್ಲಿ ಇಡೀ ಕಾಲೊನಿ ಕೇಕು ತಿನ್ನಲು ಸೇರುವಾಗ ಅಲ್ಲಿ ನನ್ನ ಸೋಲೋ, ಅಂದರೆ ನಾನೊಬ್ಬನೇ ಹಾಡಿದ, ಕ್ರಿಸ್‌ಮಸ್ ಆಲ್ಬಮ್ ಮೊಳಗುತ್ತದೆ, ಮೊಳಗದಿದ್ದರೆ ನಾನು ಇನ್ನು ಹಾಡುವುದಿಲ್ಲ. ಕೊನೆಯ ಮಾತಿಗೆ ಕೆಲವರ ಮುಖದಲ್ಲಿ ಆಸೆ ಮೂಡಿದ್ದನ್ನು ಗಮನಿಸಿದೆ. ಅದರಿಂದ ನನ್ನ ನಿರ್ಧಾರ ಇನ್ನೂ ಗಟ್ಟಿಯಾಯಿತು.

ಆರು ಹಾಡು ನಾನೇ ಬರೆದೆ. ಐದು ಇಂಗ್ಲಿಷಿನವು, ಎಲ್ಲದರಲ್ಲೂ ಹಿಮ ಸುರಿಯುತ್ತಿತ್ತು. "ಹಿಮಾ ಎಲ್ಲಿ ನೋಡೀರಿ ನೀವು? ನಮ್ಮ ಫ್ರಿಜ್ಜಿನ್ಯಾಗೇನು?" ಎಂದು ಸುಧಾ ಕೇಳಿದಳು. ಆ ಸಿಟ್ಟಿಗೇ ಆರನೆಯದನ್ನು ಕನ್ನಡದಲ್ಲಿ, ದನದ ಕೊಟ್ಟಿಗೆಯಲ್ಲಿ ಮಲಗಿದ ಕೂಸಿಗೆ ಜೋಗುಳವಾಗಿ ಬರೆದೆ. ರಾಕ್ ಜೋಗುಳ. ಅಭ್ಯಾಸದ ದಿನ ಅದನ್ನು ಕೇಳಿದ ಮಗಳು "ಬಾಬಾ, ಹೀ ಅಂಗಾಈ ಆಹೇ ಕೀ ಭಾಂಡಣ?" ಎಂದು ಮರಾಠಿಯಲ್ಲಿ, ಇದು ಜೋಗುಳವೋ ಜಗಳವೋ ಎಂದು ವಿಚಾರಿಸಿಕೊಂಡು ಹೋದಳು.

ನಮ್ಮ ಕೆಲಸದಲ್ಲಿ ಎರಡು ಕಟ್ಟುನಿಟ್ಟಿನ ನಿಯಮಗಳಿದ್ದವು. ತನ್ನ ಕೆಲಸವನ್ನು ತಾನೇ ಪಾಸು ಮಾಡುವಂತಿಲ್ಲ, ಬೇರೊಬ್ಬರು ನೋಡಿ ಹಸಿರು ಚೀಟಿ ಕಟ್ಟಬೇಕು, ಕೆಟ್ಟಿದ್ದರೆ ಕೆಂಪು. ಇನ್ನು, ಸಡಿಲಾದ ರಿವೆಟ್ಟನ್ನು ತಟ್ಟಿ ಕೂರಿಸುವಂತಿಲ್ಲ, ಕೊರೆದು ತೆಗೆದು ಹೊಸದನ್ನೇ ಹಾಕಬೇಕು. ವಿಮಾನಕ್ಕಿರುವ ಶಿಸ್ತು ನನ್ನ ಆಲ್ಬಮ್ಮಿಗೆ ಬೇಡವೇ? ಮನೆಯಲ್ಲೇ ರಟ್ಟು ಕತ್ತರಿಸಿ ಕೆಂಪು, ಹಸಿರು ಚೀಟಿ ಮಾಡಿ, ಸುಧಾಳನ್ನು ತಪಾಸಣಾಧಿಕಾರಿಯಾಗಿ ನೇಮಿಸಿದೆ. ಮುಖಪುಟವನ್ನು ನಾಸಿಕದಲ್ಲಿ ಮೊದಲೇ ಅಚ್ಚು ಹಾಕಿಸಿದೆ. ಕಪ್ಪು ಕನ್ನಡಕದ ನನ್ನ ಫೋಟೊ, ಕೆಳಗೆ ದಪ್ಪಕ್ಷರದಲ್ಲಿ 'ಸೋಲೋ'.

ಸ್ಟುಡಿಯೋ ಸಿಕ್ಕಿದ್ದು ಆಗ ಔರಂಗಾಬಾದ್ ಎನ್ನುತ್ತಿದ್ದ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ. ಮದುವೆ ವೀಡಿಯೊ ಮಾಡುವ ದೇಶಮುಖ್ ಕಾಕಾ ಅವರ ಹಿಂದಿನ ಕೋಣೆ. ಇಪ್ಪತ್ಮೂರನೇ ತಾರೀಕು, ನಸುಕಿನ ಬಸ್ಸಿಗೆ ಇಬ್ಬರೂ ಹೋದೆವು. ಮೊದಲ ಹಾಡಿನಲ್ಲೇ ಒಂದು ಕಡೆ ಸ್ವರ ಜಾರಿತು. ಕಾಕಾ "ಸಾಹೇಬ, ತೇವಢಾಚ ತುಕಡಾ ಪುನ್ಹಾ ಗಾ, ಮೀ ಜೋಡತೋ" ಎಂದರು, ಅಷ್ಟು ತುಂಡನ್ನು ಮಾತ್ರ ಮತ್ತೆ ಹಾಡಿದರೆ ಜೋಡಿಸುತ್ತೇನೆ ಎಂದು. ತೇಪೆಯೇ? ನಾನು ಎದೆ ಸೆಟೆದು ರಿವೆಟ್ಟಿನ ನಿಯಮ ಹೇಳಿದೆ. ಜಾರಿದಾಗಲೆಲ್ಲ ಮೊದಲಿನಿಂದ ಹಾಡಿದೆ. ಗಾಜಿನಾಚೆ ಸುಧಾ ಕೆಂಪು ಚೀಟಿ ಎತ್ತುತ್ತಲೇ ಇದ್ದಳು. ಐದು ಹಾಡು ಪಾಸಾಗುವಷ್ಟರಲ್ಲಿ ಸಂಜೆ ನಾಲ್ಕಾಯಿತು, ಗಂಟಲಲ್ಲಿ ಮರಳು ತುಂಬಿದ ಹಾಗಾಯಿತು.

ಉಳಿದದ್ದು ಜೋಗುಳ. "ಐದಕ್ಕ ಬಸ್ ಐತ್ರಿ, ತಪ್ಪಿದ್ರ ಇಲ್ಲೇ ಕ್ರಿಸ್‌ಮಸ್" ಎನ್ನುತ್ತ ಸುಧಾ ಚೀಲ ಹಿಡಿದು ಒಳಗೇ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಳು. ಹಾಡು ಶುರುವಾಯಿತು. ನಾನು ತಾಳ ತಪ್ಪತೊಡಗಿದಾಗ ಅವಳು ತನ್ನ ತೊಡೆಯ ಮೇಲೆ ಮೆತ್ತಗೆ ತಾಳ ತಟ್ಟಿದಳು. ಎರಡನೇ ಚರಣಕ್ಕೆ ನನ್ನ ಧ್ವನಿ ಪೂರಾ ನಿಂತೇಹೋಯಿತು. ಆ ಖಾಲಿ ಜಾಗದಲ್ಲಿ ಅವಳು ಹಾಡನ್ನು ಎತ್ತಿಕೊಂಡಳು. ಹುಬ್ಬಳ್ಳಿಯಲ್ಲಿ ಅವಳ ಅವ್ವ ತೊಟ್ಟಿಲು ತೂಗುವ ಧಾಟಿ, ನನ್ನದೇ ಮಾತು. ಕೊನೆಯವರೆಗೂ ಹಾಡಿ, ಗಡಿಯಾರ ನೋಡಿ "ಏಳ್ರಿ" ಎಂದಳು. "ತಾಈಂಚಾ ಆವಾಜ ಕಾಢೂ ಕಾ?" ಎಂದರು ಕಾಕಾ. ಅವಳ ಧ್ವನಿ ತೆಗೆದು ಆ ಜಾಗಕ್ಕೆ ತೇಪೆ ಹಾಕಬಹುದಿತ್ತು. ಆದರೆ ಬೆಳಗಿನಿಂದ ತೇಪೆಯ ವಿರುದ್ಧ ಭಾಷಣ ಮಾಡಿದವನು ನಾನೇ. ಮತ್ತೆ ಹಾಡಲು ಗಂಟಲಿಲ್ಲ. ಸಿ.ಡಿ. ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡಿದೆವು.

ಮರುದಿನ ಸಂಜೆ ಫೆಲಿಕ್ಸನ ಮನೆಯಲ್ಲಿ ಐದು ಹಾಡು ನಡೆಯುವಾಗ ಜನ ಕೇಕು ತಿಂದರು, ಈರುಳ್ಳಿ ಧಾರಣೆ ಮಾತಾಡಿದರು. ಆರನೆಯದಕ್ಕೆ ಮಾತು ನಿಂತಿತು. ಅಷ್ಟರವರೆಗೆ ತೂಕಡಿಸುತ್ತಿದ್ದ ಫೆಲಿಕ್ಸನ ಮುದಿ ತಾಯಿ ಕಣ್ಣೊರೆಸಿಕೊಂಡು "ಅದನ್ನು ಇನ್ನೊಮ್ಮೆ ಹಾಕು ಮಗಾ" ಎಂದರು. ಮೂರು ಸಲ ಹಾಕಿದರು. ನನಗೆ ಹೊಟ್ಟೆಕಿಚ್ಚಾಯಿತು. ಹೆಂಡತಿಯ ಮೇಲೆ ಹೆಮ್ಮೆಯೂ ಆಯಿತು. ಯಾವುದು ಮೊದಲು ಆಯಿತು ಎಂದು ಕೇಳಬೇಡಿ.

ಎರಡು ದಿನ ಬಿಟ್ಟು ಫೆಲಿಕ್ಸ್ ಬಾಗಿಲು ತಟ್ಟಿದ. ನಾನು ಕಪ್ಪು ಕನ್ನಡಕ ಏರಿಸಿಕೊಂಡು, ಮೊದಲು ಸ್ವಲ್ಪ ಬಿಗುಮಾನ ತೋರಿಸಿ ಆಮೇಲೆ ಕ್ಷಮಿಸುವುದೆಂದು ತೀರ್ಮಾನಿಸಿ ಬಾಗಿಲು ತೆರೆದೆ. "ಸರ್, ಅಕ್ಕ ಇದ್ದಾರಾ?" ಎಂದ.

ಹೊಸವರ್ಷದ ಸಂಜೆ ಸುಧಾ ಮೈಕಿನ ಮುಂದೆ ನಿಂತಳು. ತನ್ನ ಕೆಲಸವನ್ನು ತಾನೇ ಪಾಸು ಮಾಡುವಂತಿಲ್ಲವಲ್ಲ, ಹಾಡು ಮುಗಿಯುತ್ತಲೇ ನಾನು ಜೇಬಿನಿಂದ ಹಸಿರು ಚೀಟಿ ತೆಗೆದು ಎತ್ತಿ ಹಿಡಿದೆ. ಎಡಗೈಯಲ್ಲಿ ಹಿಡಿದೆ, ಬಲಗೈಯಲ್ಲಿ ಟ್ಯಾಂಬೊರಿನ್ ಇತ್ತು.