ಲ್ಯಾಪ್‌ಟಾಪಿಗೊಂದು ಮಾನವಮಿ ಸ್ನಾನ

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ತಪ್ಪು ನನ್ನದಲ್ಲ. ಅಂಗಳಕ್ಕೆ ಬಂದ ವಸ್ತುವನ್ನು ತೊಳೆಯುವುದು ತಪ್ಪಾದರೆ, ಮಾನವಮಿ ಹಬ್ಬ ಬಂತೆಂದರೆ ಜಮಖಂಡಿಯ ಪ್ರತಿ ಮನೆಯವರೂ ತಪ್ಪಿತಸ್ಥರೇ!

ನವರಾತ್ರಿಯ ಮೊದಲ ದಿನದ ಘಟಸ್ಥಾಪನೆಗೆ ಮುಂಚಿನ ದಿನಗಳಲ್ಲಿ ನಮ್ಮ ಕಡೆ ಮನೆಯೊಳಗೆ ಮನೆ ಇರುವುದಿಲ್ಲ. ಕೌದಿ, ಹಾಸಿಗೆ, ಹಿಟ್ಟಿನ ಡಬ್ಬಿ, ಹಿತ್ತಾಳೆ ಕೊಡ, ಎಲ್ಲವೂ ಅಂಗಳಕ್ಕೆ ಬಂದು ಸಾಲಾಗಿ ನಿಲ್ಲುತ್ತವೆ. ಕೆಲವು ಸೋಪಿನ ನೀರಿಗೆ, ಕೆಲವು ಹುಣಸೆಹಣ್ಣಿಗೆ, ಕೆಲವು ಬಿಸಿಲಿಗೆ. ನಿಯಮ ಒಂದೇ: ಹೊರಗೆ ಬಂದದ್ದು ತೊಳೆಯದೆ ಒಳಗೆ ಹೋಗಕೂಡದು. ಜೀವಮಾನವಿಡೀ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದ ನನಗೆ ಇದಕ್ಕಿಂತ ಸುಂದರವಾದ ನಿಯಮ ಇನ್ನೊಂದಿಲ್ಲ. ಆ ದಿನಗಳಲ್ಲಿ ನಮ್ಮ ಅಂಗಳ ನೋಡಿದರೆ ಗಣರಾಜ್ಯೋತ್ಸವದ ಮೈದಾನ ನೆನಪಾಗುತ್ತದೆ. ಕೊಡಗಳು ಕೂಡ ಎತ್ತರದ ಪ್ರಕಾರ ನಿಂತಿರುತ್ತವೆ.

ಇಂಥ ಪವಿತ್ರ ವಾರದಲ್ಲಿ ನನ್ನ ಹೆಂಡತಿ ಸುಶೀಲಾಳ ತಮ್ಮ ಈರಣ್ಣ ಬನಹಟ್ಟಿಯಿಂದ ಒಂದು ಹಳೆಯ ಲ್ಯಾಪ್‌ಟಾಪ್ ತಂದು ನಮ್ಮ ಕಟ್ಟೆಯ ಮೇಲೆ ಇಟ್ಟ. ಅವನಿಗೆ ಸೀರೆ ನೇಯುವ ಮಗ್ಗಗಳಿವೆ. ಸೀರೆಯ ಡಿಸೈನ್ ನೋಡಲು ಇದನ್ನು ಬಳಸುತ್ತಿದ್ದನಂತೆ.

"ಇದು ಈಗ ನಡಿಯಂಗಿಲ್ರಿ ಮಾಮಾರ, ತೆವಳತೈತಿ. ಲೋಕಾಪುರದಾಗ ಒಬ್ಬರ ಕಡೆ ಹಳೇದ್ ತಗೊಂಡಿದ್ದೆ. ಅವರೂ ಮತ್ಯಾರ ಕಡೆನೋ ಹಳೇದ್ ತಗೊಂಡಿದ್ರು. ಗುಜರಿಗೆ ಹಾಕಾಕ ಹೊಂಟಿದ್ದೆ. ನಿಮಗ ಬೇಕಂದ್ರ ಇಟ್ಕೋರಿ."

ನನಗೆ ಬೇಕಿತ್ತು. ಕಾರಣವಿದೆ. ಖಂಡೆ ಪೂಜೆಯ ದಿನ ಎಲ್ಲರೂ ತಮ್ಮ ತಮ್ಮ ದುಡಿಮೆಯ ಸಾಮಾನಿಗೆ ಹೂವು ಏರಿಸುತ್ತಾರೆ. ನಾನು ನಿವೃತ್ತನಾದ ಮೇಲೆ ನನ್ನ ಪಾಲಿಗೆ ಉಳಿದದ್ದು ಸೀಟಿಯೊಂದೇ. ಹೋದ ವರ್ಷ ಅದರ ಮೇಲೊಂದು ಚೆಂಡುಹೂವು ಇಟ್ಟಾಗ ಸೀಟಿಯೇ ಕಾಣದಂತಾಗಿ, ಈರಣ್ಣ ಎಲ್ಲರೆದುರು, "ಮಾಮಾರ, ಬರೇ ಹೂವಿಗೆ ಪೂಜಾ ಮಾಡೀರೇನ್ರಿ?" ಎಂದು ನಕ್ಕಿದ್ದ. ಈ ವರ್ಷ ಅವನ ಕಣ್ಣೆದುರಿಗೆ ಅವನದೇ ಯಂತ್ರ, ನನ್ನ ಕೈಯಿಂದ ಜೀವ ಪಡೆದು, ಕುಂಕುಮ ಹಚ್ಚಿಕೊಂಡು ಝಗಝಗಿಸಬೇಕು!

ತೆರೆದು ನೋಡಿದೆ. ಒಳಗೆ ಈರಣ್ಣನ ಸೀರೆಗಳು, ಯಾರದೋ ಮದುವೆಯ ಫೋಟೋಗಳು, ಇನ್ಯಾರದೋ ಕಬ್ಬಿನ ಗದ್ದೆ. ಮೂರು ಮನೆಯ ಕಸ ಒಂದೇ ಪೆಟ್ಟಿಗೆಯಲ್ಲಿ! ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿದೆ. ಇದ್ದದ್ದನ್ನೆಲ್ಲ ಅಳಿಸಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಬೇಕಂತೆ. ಆಪರೇಟಿಂಗ್ ಸಿಸ್ಟಮ್ ಎಂದರೆ ಯಂತ್ರದ ಹೆಡ್‌ಮಾಸ್ತರ. ಅವನು ಸರಿಯಿಲ್ಲದಿದ್ದರೆ ಶಾಲೆಯ ಗಂಟೆ ಕೂಡ ಹೊಡೆಯುವುದಿಲ್ಲ. ಹೊಸ ಹೆಡ್‌ಮಾಸ್ತರ ಪುಕ್ಕಟೆ ಸಿಗುತ್ತಾನೆಂದು ತಿಳಿದು ಬಹಳ ಸಂತೋಷವಾಯಿತು.

ಈರಣ್ಣನಿಗೆ ಫೋನ್ ಮಾಡಿ ಅಪ್ಪಣೆ ಪಡೆದೆ. "ಎಲ್ಲಾ ಅಳಸ್ರಿ ಮಾಮಾರ, ನನಗ ಬೇಕಾದ್ದು ತಗದಿಟ್ಕೊಂಡೀನಿ" ಎಂದ. ನೋಡಿ, ಕೇಳದೆ ನಾನು ಏನನ್ನೂ ಅಳಿಸುವವನಲ್ಲ!

ಕೌದಿ ಹಿಂಡುತ್ತಿದ್ದ ಸುಶೀಲಾ ತಲೆ ಎತ್ತಿ ಹೇಳಿದಳು: "ಬಸ್‌ಸ್ಟ್ಯಾಂಡ್ ಹತ್ರ ರಿಪೇರಿ ಅಂಗಡಿ ಐತಲ್ರಿ. ಕೊಟ್ಟ ಬರ್ರಿ."

"ಇಡೀ ಸಾಲಿ ಹುಡುಗರನ್ನ ಸಾಲಾಗಿ ನಿಲ್ಸಿದಾಂವ ನಾನು. ಈ ಡಬ್ಬಿ ನಿಲ್ಸಾಕ ಅಂಗಡಿ ಬೇಕೇನ?"

"ನಿಂತ ಐತಲ್ರಿ ಅದು. ನಡಸೂದು ಹೆಂಗ ಅಂತ ಕೇಳಾಕತ್ತೇನಿ."

ಉತ್ತರಿಸುವುದು ನನ್ನ ಘನತೆಗೆ ತಕ್ಕದ್ದಲ್ಲವೆಂದು ವಿಡಿಯೋ ಮತ್ತೆ ಹಚ್ಚಿದೆ.

ವಿಡಿಯೋದ ಪ್ರಕಾರ ಮೊದಲು ಒಂದು ಪೆನ್ ಡ್ರೈವ್ ಬೇಕು. ಹೊಸ ಹೆಡ್‌ಮಾಸ್ತರ ಅದರಲ್ಲಿ ಕುಳಿತು ಯಂತ್ರದೊಳಗೆ ಹೋಗುತ್ತಾನೆ. ಅಂಗಳಕ್ಕೆ ಬಂದೆ. ಹಿತ್ತಾಳೆ ಸಾಮಾನಿನ ಸಾಲಿನಲ್ಲಿ ಒಂದು ಬುಟ್ಟಿ. ಬುಟ್ಟಿಯಲ್ಲಿ ಸುಶೀಲಾಳ ಭಜನೆಯ ತಾಳಗಳು, ಪಕ್ಕದಲ್ಲಿ ನೆನೆಸಿದ ಹುಣಸೆಹಣ್ಣು. ತಾಳಗಳ ನಡುವೆ ಒಂದು ಪೆನ್ ಡ್ರೈವ್!

ನನ್ನ ತರ್ಕವನ್ನು ಓದುಗರು ಶಾಂತಚಿತ್ತದಿಂದ ಪರಿಶೀಲಿಸಬೇಕು. ಆ ವಸ್ತು ಅಂಗಳದಲ್ಲಿತ್ತು. ಅಂದರೆ ತೊಳೆಯುವ ಸಾಲಿನಲ್ಲಿತ್ತು. ಪೆನ್ ಡ್ರೈವನ್ನು ಹುಣಸೆಹಣ್ಣಿನಿಂದ ತಿಕ್ಕಲಾಗುವುದಿಲ್ಲ. ಹಾಗಾದರೆ ಅದನ್ನು ತೊಳೆಯುವ ಬಗೆ ಒಂದೇ: ಅಳಿಸುವುದು.

ತಂದು ಸಿಕ್ಕಿಸಿದೆ. ಯಂತ್ರ ಕೇಳಿತು: "ಇದರಲ್ಲಿರುವುದೆಲ್ಲ ಅಳಿದುಹೋಗುತ್ತದೆ. ಮುಂದುವರಿಯಲೇ?" ಎಂಥ ಸಂಸ್ಕಾರವಂತ ಯಂತ್ರ! ಅದಕ್ಕೂ ಮಾನವಮಿ ಗೊತ್ತಿದೆ! ಹೂಂ ಎಂದು ಒತ್ತಿದೆ. "ಖಚಿತವೇ?" ಎಂದು ಮತ್ತೆ ಕೇಳಿತು. ಒಮ್ಮೆ ಕೊಟ್ಟ ಆಜ್ಞೆಯನ್ನು ಎರಡನೇ ಸಲ ಕೇಳುವುದು ಅಶಿಸ್ತು. ಬೆರಳಿಗೆ ನೋವಾಗುವಷ್ಟು ಜೋರಾಗಿ ಒತ್ತಿದೆ. ಇದ್ದದ್ದೆಲ್ಲ ಅಳಿದು, ಹೊಸ ಹೆಡ್‌ಮಾಸ್ತರ ಪೆನ್ ಡ್ರೈವಿನಲ್ಲಿ ಬಂದು ಕುಳಿತ.

ಮುಂದಿನ ಹೆಜ್ಜೆ ಕಠಿಣವಾಗಿತ್ತು. ಯಂತ್ರ ಆರಿಸಿ, ಮತ್ತೆ ಚಾಲೂ ಮಾಡಿ, ಅದು ಕಣ್ಣು ಬಿಡುವ ಕ್ಷಣದಲ್ಲೇ ಮೇಲಿನ ಸಾಲಿನ ಒಂದು ಗುಂಡಿ ಒತ್ತಬೇಕು. ಸ್ವಲ್ಪ ತಡವಾದರೆ ಹಳೆಯ ಹೆಡ್‌ಮಾಸ್ತರನೇ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಅವನು ಮತ್ತೆ ಮತ್ತೆ ಬಂದ. ಕಡೆಗೆ ನಾನು ಎದ್ದು ನಿಂತು, ಎದೆ ಸೆಟೆದು, ಮೈದಾನದ ಧ್ವನಿಯಲ್ಲಿ ಕೂಗಿದೆ: "ಸಾವಧಾನ್!"

ಅಂಗಳದಿಂದ ಸುಶೀಲಾ: "ಯಾರಿಗ್ರಿ ಸಾವಧಾನ?"

"ಲ್ಯಾಪ್‌ಟಾಪಿಗೆ!"

"ಕೇಳಿತೇನ್ರಿ ಅದು?"

ಕೇಳಿತು! ಗುಂಡಿ ಸರಿಯಾದ ಕ್ಷಣಕ್ಕೆ ಬಿತ್ತು. ಯಂತ್ರದ ಹೊಟ್ಟೆ ಮೂರು ಭಾಗವಾಗಿ ಪರದೆಯ ಮೇಲೆ ಕಾಣಿಸಿತು. ಅಡುಗೆಮನೆ, ಪಡಸಾಲೆ, ದೇವರಕೋಣೆ ಎಂದು ಲೆಕ್ಕ ಹಾಕಿ ಮೂರನ್ನೂ ಅಳಿಸಿದೆ. ಹೊಸ ಹೆಡ್‌ಮಾಸ್ತರನ ಸವಾರಿ ನಿಧಾನವಾಗಿ ಒಳಹೊಕ್ಕಿತು. ನಾನು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು, ವಿಜಯಿಯಾಗಿ ಅಂಗಳಕ್ಕೆ ಬಂದೆ.

ಸುಶೀಲಾ ಬುಟ್ಟಿಯನ್ನು ಬೋರಲು ಹಾಕಿ ಝಾಡಿಸುತ್ತಿದ್ದಳು.

"ಏನ್ರಿ, ಇದರಾಗ ಒಂದು ಪೆನ್ ಡ್ರೈವ್ ಇತ್ತು. ನೋಡೀರೇನು?"

"ಚಿಂತಿ ಮಾಡಬ್ಯಾಡ. ನಾನ ತೊಳದೇನಿ."

"ನೀರಾಗ ಹಾಕಿದ್ರ್ಯಾ?"

"ಛೆ! ನಾನೇನು ದಡ್ಡನ? ಎಲ್ಲಾ ಅಳಿಸಿ ಸ್ವಚ್ಛ ಮಾಡೇನಿ."

ಅವಳು ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅವಳು ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಆ ಪೆನ್ ಡ್ರೈವ್ ಓಣಿಯ ಹೆಣ್ಣುಮಕ್ಕಳ ಭಜನಾ ಮಂಡಳಿಯದು. ನವರಾತ್ರಿಗೆಂದು ಮುಧೋಳದ ಸಂಗೀತ ಮಾಸ್ತರರೊಬ್ಬರು ಹೊಸ ಹಾಡುಗಳಿಗೆ ಧಾಟಿ ಕೂಡಿಸಿ, ತಾವೇ ಹಾಡಿ ಅದರಲ್ಲಿ ತುಂಬಿಕೊಟ್ಟಿದ್ದರು. ಮಂಡಳಿಯವರು ಅದನ್ನು ಸ್ಪೀಕರಿಗೆ ಹಚ್ಚಿಟ್ಟು, ಅದರ ಬೆನ್ನು ಹಿಡಿದು ಹಾಡಿ ರೂಢಿ ಮಾಡುತ್ತಿದ್ದರು. ಮಾಸ್ತರರು ಈಗ ಕಾಶಿಯಾತ್ರೆಯಲ್ಲಿ, ಫೋನು ಬಂದ್. ಘಟಸ್ಥಾಪನೆ ನಾಳಿದ್ದು. ಎಲ್ಲಕ್ಕಿಂತ ಮಿಗಿಲಾಗಿ, ದಮ್ಮು ಹತ್ತುತ್ತದೆಂದು ಪಕ್ಕದ ಮನೆಯ ಗಂಗಕ್ಕ ಮುಂದಾಳಿನ ಜಾಗ ಬಿಟ್ಟುಕೊಟ್ಟಿದ್ದರಿಂದ, ಈ ವರ್ಷ ಮೊದಲ ಸಲ ಸುಶೀಲಾ ಮುಂದೆ ಕುಳಿತು ಹಾಡಬೇಕಿತ್ತು.

"ಅಂಗಳದಾಗ ಯಾಕ ಇಟ್ಟಿ?" ಎಂದೆ. ದಾಳಿಯೇ ಉತ್ತಮ ರಕ್ಷಣೆ.

"ತಾಳಾ ತಿಕ್ಕಿ, ಎಲ್ಲಾ ಕೂಡೇ ಗುಡಿಗೆ ಒಯ್ಯೂಣು ಅಂತ ಇಟ್ಟಿದ್ನಿ. ಮೊದಲನೇ ವರ್ಷನ ನಾ ಎಲ್ಲಾರ ಮುಂದ ಬಾಯಿ ತಗದು ಕುಂದ್ರಬೇಕ್ರಿ. ಏನ್ ಹಾಡ್ಲಿ?"

ಸುದ್ದಿ ಗೋಡೆ ದಾಟಿತು. ಗಂಗಕ್ಕ ಹುಣಸೆಹಣ್ಣಿನ ಕೈಯಲ್ಲೇ ಬಂದರು. "ಮಾಸ್ತರ, ಸಾಲಿಯೊಳಗ ಹುಡುಗೂರ ಹಾಜರಿನೂ ಹಿಂಗ ಅಳಸತಿದ್ರೇನ್ರಿ?"

ಹಿಂದಿನಿಂದ ಇಡೀ ಮಂಡಳಿ ಬಂದು ಅಂಗಳದಲ್ಲಿ ಕುಳಿತಿತು. ಮಾತುಗಳು ಎಲ್ಲರಿಗೂ ಬರುತ್ತಿದ್ದವು. ಧಾಟಿ ಮಾತ್ರ ಒಬ್ಬೊಬ್ಬರದು ಒಂದೊಂದು ಊರಿಗೆ ಹೊರಟಿತ್ತು. ಒಬ್ಬರು ಬೀಳಗಿ ದಾರಿ ಹಿಡಿದರೆ ಇನ್ನೊಬ್ಬರು ಹುನ್ನೂರಿಗೆ. ಸುಶೀಲಾ ನಡುವೆ ಸಿಕ್ಕ ಕಂಡಕ್ಟರಿನಂತೆ ಕಂಗಾಲಾಗಿದ್ದಳು. ಅಪರಾಧಿಯೆಂದು ಘೋಷಿತನಾದ ನಾನು ಒಣಗಿದ ಕೌದಿಗಳನ್ನು ಹೊತ್ತು ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ಓಡಾಡುತ್ತಿದ್ದೆ.

ಇದ್ದಕ್ಕಿದ್ದಂತೆ ಗಂಗಕ್ಕ ಕೈ ಎತ್ತಿದರು. "ತಡೀರಿ! ಯಾರದು? ಅದ ಧಾಟಿ! ಅದನ!"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಗುನುಗುತ್ತಿದ್ದೆ! ದಿನಾ ಸಂಜೆ ಅವರು ಪಡಸಾಲೆಯಲ್ಲಿ ರೂಢಿ ಮಾಡುವಾಗ ನಾನು ಅಂಗಳದಲ್ಲಿ ಸುತ್ತು ಹಾಕುತ್ತಿದ್ದೆನಲ್ಲ, ಹಾಡು ಕಿವಿಯಿಂದ ಇಳಿದು ಕಾಲಿಗೆ ಸೇರಿತ್ತು.

"ಹಾಡ್ರಿ ಮಾಸ್ತರ, ಮುಂದ ಹಾಡ್ರಿ!"

ನಿಂತು ಬಾಯಿ ತೆರೆದೆ. ಏನೂ ಬರಲಿಲ್ಲ. ಒಂದು ಹೆಜ್ಜೆ ಇಟ್ಟೆ. ಒಂದು ಸಾಲು ಬಂತು. ಮತ್ತೆ ನಿಂತೆ. ಹಾಡೂ ನಿಂತಿತು.

"ನಿಂತ್ರ ಬರಂಗಿಲ್ಲ" ಎಂದೆ, ಆದಷ್ಟು ಗಾಂಭೀರ್ಯದಿಂದ.

"ಹಂಗಾರ ನಡೀರಿ!" ಎಂದಳು ಸುಶೀಲಾ, ಸೆರಗು ಬಿಗಿದು.

ನಾನು ಮುಂದೆ, "ಬಾಗಿಲಕ ಬಾರವ್ವ, ದೀಪ ಹಚ್ಚೇವಿ" ಎಂದು ಕವಾಯತಿನ ಕಂಠದಲ್ಲಿ. ನನ್ನ ಬೆನ್ನಿಗೆ ಸುಶೀಲಾ, ಅವಳ ಬೆನ್ನಿಗೆ ಇಡೀ ಮಂಡಳಿ. ಒದ್ದೆ ಕೌದಿಗಳ ಕೆಳಗೆ ತಲೆ ಬಗ್ಗಿಸಿ, ಕೊಡಗಳ ಸಾಲು ಸುತ್ತಿ, ಮತ್ತೆ ಬಾಗಿಲಿಗೆ. ಗಂಗಕ್ಕ ಕುರ್ಚಿಯಲ್ಲಿ ಕುಳಿತು ತಾಳ ಬಾರಿಸುತ್ತ, "ಮಾಸ್ತರ, ದೇವೀನ್ನ ಕರಿಯಾಕತ್ತೀರಿ, ದಂಡಿನ್ನಲ್ಲ! ಸಾವಕಾಶ!" ಎಂದು ತಿದ್ದುತ್ತಿದ್ದರು. ನಡುವೆ ಒಳಗಿನಿಂದ ಟಿಣ್ ಎಂದು ಸದ್ದಾಯಿತು. ಇಣುಕಿದೆ. ಹೊಸ ಪರದೆ, ಹೊಸ ಬಣ್ಣ, ಸುಸ್ವಾಗತ! ಸತ್ತಂತಿದ್ದ ಯಂತ್ರ ಎದ್ದು ಕುಳಿತಿತ್ತು!

"ನೋಡ್ರಿ! ಎದ್ದೈತಿ!" ಎಂದು ಕೂಗಿದೆ.

"ಅದು ಎಲ್ಲಿಗಿ ಹೋಗತೈತ್ರಿ? ನೀವು ಹೆಜ್ಜಿ ತಪ್ಪಬ್ಯಾಡ್ರಿ!" ಎಂದು ಸುಶೀಲಾ ಬೆನ್ನಿಗೆ ತಿವಿದಳು.

ಘಟಸ್ಥಾಪನೆಯ ಸಂಜೆ ದೇವಿಯ ಗುಡಿ ತುಂಬಿತ್ತು. ಸುಶೀಲಾ ಮುಂದೆ ಕುಳಿತು ಕಣ್ಣು ಮುಚ್ಚಿದಳು. ಧ್ವನಿ ಹೊರಡಲಿಲ್ಲ. ಜನ ಕೆಮ್ಮಿದರು. ಕಂಬದ ಮರೆಯಲ್ಲಿ ನಾನು ಬೆವತೆ. ಆಮೇಲೆ ಅವಳು ಥಟ್ಟನೆ ಎದ್ದಳು. ಎಡಗಾಲು ಮುಂದಿಟ್ಟಳು. ಹಾಡು ಬಂತು! ಮಂಡಳಿಯೂ ಎದ್ದು ಅವಳ ಹಿಂದೆ ಸಾಲಾಯಿತು. ಹಾಡುತ್ತ ಹೆಜ್ಜೆ ಹಾಕುತ್ತ ಅವರು ಗರ್ಭಗುಡಿ ಸುತ್ತಿದರು. ಒಂದು ಸ್ವರವಾಗಲಿ ಒಂದು ಕಾಲಾಗಲಿ ತಪ್ಪಲಿಲ್ಲ. ಜನ ತಾವೂ ಎದ್ದು ಹಿಂದೆ ನಡೆದರು.

ಮಂಗಳಾರತಿಯಾದ ಮೇಲೆ ರಬಕವಿಯಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಸುಶೀಲಾಳ ಕೈ ಹಿಡಿದಳು. "ಎಷ್ಟ ಛಲೋ ಹಾಡಿದ್ರಿ ಅಕ್ಕಾರ! ನಡಕೋತ ಹಾಡೂದು ಹಿಂಗ ಎಲ್ಲೂ ನೋಡಿಲ್ಲ. ಯಾರ್ ಕಲಿಸಿದ್ರಿ?"

ನಾನು ಕಂಬದ ಮರೆಯಿಂದ ಹೊರಬಂದು, ಅಂಗಿಯ ಕಾಲರು ಸರಿಮಾಡಿಕೊಂಡೆ.

"ಮುಧೋಳದ ಮಾಸ್ತರು ಕಲಿಸ್ಯಾರ್ರಿ" ಎಂದಳು ಸುಶೀಲಾ.

ಅವಳನ್ನು ಪಕ್ಕಕ್ಕೆ ಕರೆದೆ. "ಇದು ನ್ಯಾಯ ಅಲ್ಲ, ಸುಶೀಲಾ."

"ನಿಮ್ಮ ಹೆಸರ ಹೇಳ್ತೇನ್ರಿ. ನೀವ್ಯಾಕ ಕಲಿಸಬೇಕಾತು ಅಂತ ಅವರು ಕೇಳ್ತಾರ. ಅದನ್ನೂ ಹೇಳ್ಲ್ಯಾ?"

"ಹೇಳವಾ, ಹೇಳ" ಎಂದರು ಹಿಂದಿನಿಂದ ಗಂಗಕ್ಕ, ಬಹಳ ಆಸೆಯಿಂದ.

ನನ್ನ ನಿಲುವು ಬದಲಾಗಿಲ್ಲ. ಅಂಗಳಕ್ಕೆ ಬಂದದ್ದನ್ನು ತೊಳೆಯಲೇಬೇಕು. ಆದರೆ ಎಲ್ಲ ಸತ್ಯವನ್ನೂ ಗುಡಿಯಲ್ಲೇ ಹೇಳಬೇಕೆಂಬ ನಿಯಮವೇನೂ ಇಲ್ಲ. ಆ ಹೆಣ್ಣುಮಗಳ ಹತ್ತಿರ ಹೋಗಿ, ಮುಧೋಳದ ಮಾಸ್ತರರಂಥ ಕಲಾವಿದರು ಈ ಸೀಮೆಯಲ್ಲೇ ಇಲ್ಲವೆಂದು ನಾನೇ ನಾಲ್ಕು ಮಾತು ಹೊಗಳಿ, ಪ್ರಸಾದದ ಸಾಲಿನ ಕೊನೆಯಲ್ಲಿ ಹೋಗಿ ನಿಂತೆ.