ಹನ್ನೆರಡು ಬಾಳೆಹಣ್ಣಿನ ಪಾಠ

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅಂಕಲಿಯ ವಿಜ್ಞಾನ ಶಿಕ್ಷಕ ದುಂಡೇಶ ಮಾಸ್ತರರಿಗೆ ಮಾತು ಬರುತ್ತಿತ್ತು, ನಿಲ್ಲಿಸುವುದು ಬರುತ್ತಿರಲಿಲ್ಲ. ಅಂದು ಮಧ್ಯಾಹ್ನ ಚಿಕ್ಕೋಡಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಅವರು ಮೆಚ್ಚಿದರೆ ಈ ಸಲದ ತಾಲೂಕಿನ ಉತ್ತಮ ಶಿಕ್ಷಕ ಪ್ರಶಸ್ತಿ, ಪಟ್ಟಿಯ ಮೊದಲ ಹೆಸರಾದ ಮಾಸ್ತರರಿಗೇ. ಆ ಹುರುಪಿನಲ್ಲಿ ಬೆಳಿಗ್ಗೆ ಪಾಠ ಸ್ವಲ್ಪ ಜೋರಾಗಿಯೇ ನಡೆಯಿತು.

"ಕೆಲವು ಪರಮಾಣು ಸ್ಥಿರ ಇರೂದಿಲ್ಲ. ಒಳಗಿಂದು ಏನರ ಹೊರಗ ಒಗದು ಬ್ಯಾರೇನ ಆಗ್ತಾವ. ಯಾವುದು ಯಾವಾಗ ಒಡಿತೈತಿ, ಯಾರಿಗೂ ಹೇಳಾಕ ಬರೂದಿಲ್ಲ. ಬಾಳೆಹಣ್ಣಿನಾಗೂ ಅಂಥಾವು ಅದಾವ."

ಊಟದ ಹೊತ್ತಿಗೆ ಮೊಟ್ಟೆ ತಿನ್ನುವವರು ತಿಂದರು. ಮೊಟ್ಟೆ ಒಲ್ಲದ ಹನ್ನೆರಡು ಮಕ್ಕಳು ಮಾತ್ರ ತಮಗೆ ಕೊಟ್ಟ ಬಾಳೆಹಣ್ಣು ಮುಟ್ಟದೆ ಕುಳಿತರು. ಪೂನಮ ಎಂಬ ಹುಡುಗಿ ಓಡಿಹೋಗಿ ಅಜ್ಜಿ ಸೋನಾಬಾಯಿಯನ್ನೇ ಕರೆತಂದಳು.

"ಮಾಸ್ತರ, ನಮ್ಮ ಹುಡುಗೂರ ಹೊಟ್ಟ್ಯಾಗ ಏನ್ ಒಡಸಾಕತ್ತೀರಿ?"

"ಹೆದರಬ್ಯಾಡ್ರಿ ಆಯಿ. ಅದರಾಗ ಅರ್ಧ ಒಡೀಬೇಕಂದ್ರ ನೂರಿಪ್ಪತ್ತೈದು ಕೋಟಿ ವರ್ಷ ಬೇಕು. ನಿಮ್ಮ ಮೈಯಾಗೂ ಅದಾವ."

"ನನ್ನ ಮೈಯಾಗ? ಇಷ್ಟ್ ಉಪವಾಸ ಮಾಡಿದಾಕಿ ಮೈಯಾಗ?"

ಅಡುಗೆಯ ಶೇವಂತಾ ನಡುವೆ ಬಾಯಿ ಹಾಕಿದಳು. "ಸಾಹೇಬ್ರು ಬರೂ ಹೊತ್ತಾತ್ರಿ. ನೀವ ಒಂದ್ ತಿಂದು ತೋರಸ್ರಿ, ಮುಗದ್ಹೋತು."

ಮಾಸ್ತರರು ಪೂನಮಳ ಹಣ್ಣು ಸುಲಿದು ತಿಂದರು. ಏನೂ ಆಗಲಿಲ್ಲ.

"ಅದೇನೋ ಚಲೋ ಇತ್ತು," ಎಂದಳು ಸೋನಾಬಾಯಿ, ಪಕ್ಕದ ಹುಡುಗನ ಹಣ್ಣು ತೋರಿಸಿ. "ಈ ಹಣ್ಣು? ಯಾವುದು ಯಾವಾಗ ಒಡಿತೈತಿ ಹೇಳಾಕ ಬರೂದಿಲ್ಲ ಅಂತ ನೀವ ಹೇಳೀರಂತಲ್ಲ."

ವಿಜ್ಞಾನದ ಪ್ರಕಾರ ಆ ಮಾತು ತಪ್ಪಲ್ಲ, ಅದೇ ಮಾಸ್ತರರ ಸಂಕಟ. ಎರಡನೆಯದನ್ನೂ ತಿಂದರು, ಮೂರನೆಯದನ್ನೂ ತಿಂದರು. ಎಂಟನೆಯದಕ್ಕೆ ಬಿಕ್ಕಳಿಕೆ ಹತ್ತಿತು. ಹನ್ನೆರಡು ಮುಗಿಯುವಷ್ಟರಲ್ಲಿ ಹೊಟ್ಟೆ ತುಂಬಿದ ಗೋಣಿಚೀಲದಂತಾಗಿ, ಕುಳಿತಲ್ಲಿಂದ ಏಳಲು ಆಗಲಿಲ್ಲ.

ಸೋನಾಬಾಯಿಯ ಮುಖ ಅರಳಿತು. "ಖರೇ ಐತ್ರಿ, ಏನೂ ಆಗೂದಿಲ್ಲ. ತಿನ್ರೆಪಾ ಇನ್ನ, ಎಲ್ಲಾರೂ ತಿನ್ರಿ."

ತಿನ್ನಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಸಾಹೇಬರು ಒಳಗೆ ಬಂದರು. ಬರಿಗೈಯಲ್ಲಿ ಕುಳಿತ ಹನ್ನೆರಡು ಮಕ್ಕಳನ್ನು ನೋಡಿದರು, ಮಾಸ್ತರರ ಮುಂದಿನ ಸಿಪ್ಪೆಯ ರಾಶಿ ನೋಡಿದರು.

"ಮಕ್ಕಳ ಹಣ್ಣು ಎಲ್ಲಿ?"

ಮಾಸ್ತರರು ಉತ್ತರ ಕೊಡಲು ಬಾಯಿ ತೆರೆದರು. ಬಂದದ್ದು ಉದ್ದನೆಯ ತೇಗು. ಪಾಪ ಎನಿಸಿ, ಸೋನಾಬಾಯಿ ತುಂಬು ಅಭಿಮಾನದಿಂದ ಅವರ ನೆರವಿಗೆ ಬಂದಳು.

"ಇಂಥಾ ಮಾಸ್ತರ ಎಲ್ಲಿ ಸಿಗ್ತಾರ್ರಿ ಸಾಹೇಬ್ರ. ಹುಡುಗೂರಿಗೆ ಒಂದ ಒಂದ್ ಹಣ್ಣು ಮುಟ್ಟಾಕ ಬಿಡ್ಲಿಲ್ಲ. ಅಷ್ಟೂ ತಾವ ಒಬ್ಬರ ಕುಂತು ತಿಂದ್ರು."

ಸಾಹೇಬರು ತಲೆಯಾಡಿಸಿ, ಕಿಸೆಯಿಂದ ಪೆನ್ನು ತೆಗೆದು, ಪ್ರಶಸ್ತಿಯ ಪಟ್ಟಿಯಲ್ಲಿದ್ದ ಮೊದಲ ಹೆಸರನ್ನು ಹೊಡೆದು ಹಾಕಿದರು.