ಕಂಪ್ಯೂಟರ್ ಬೊಬ್ಬೆ ಹೊಡೆದಾಗ ನಾನು ಮಾಡಿದ ಫೋನು

ಇಳಕಲ್ಲಿನ ನಮ್ಮ ಓಣಿಯಲ್ಲಿ ಕಂಪ್ಯೂಟರಿನ ಬಗ್ಗೆ ಯಾರಿಗೆ ಏನು ಸಂಶಯ ಬಂದರೂ ಮೊದಲು ನನ್ನ ಹತ್ತಿರ ಬರಬೇಕು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಓಣಿಯವರ ಅಭಿಪ್ರಾಯ ಬೇರೆ ಇತ್ತು. ಹೀಗಾಗಿ ಯಾರೂ ಬರುತ್ತಿರಲಿಲ್ಲ.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ನಿವೃತ್ತಿಯಾದ ತಿಂಗಳೇ ಒಂದು ಕಂಪ್ಯೂಟರ್ ತಂದೆ. ಅದಕ್ಕೊಂದು ಮೇಜು, ಮೇಜಿಗೊಂದು ಹೂವಿನ ಹೊದಿಕೆ, ಕರೆಂಟು ಹೋದರೂ ಎರಡು ತಾಸು ನಡೆಯಲಿ ಎಂದು ದೊಡ್ಡ ಬ್ಯಾಟರಿಯ ಯುಪಿಎಸ್ಸು. ಪಾಸ್‌ವರ್ಡನ್ನು ನಾನೇ ಇಟ್ಟೆ. ಒಟ್ಟಿನಲ್ಲಿ ಯಂತ್ರದ ಸಂಪೂರ್ಣ ಆಡಳಿತ ನನ್ನದು. ಅದರಲ್ಲಿ ಕೆಲಸ ಮಾಡುವುದು ಮಾತ್ರ ನನ್ನ ಹೆಂಡತಿ ನೀಲಾ!

ನೀಲಾ ಇಳಕಲ್ ಸೀರೆಗಳ ಮೇಲೆ ಕಸೂತಿ ಹಾಕುತ್ತಾಳೆ. ಗೋಪುರ, ನವಿಲು, ಆನೆ, ತುಳಸಿಕಟ್ಟೆ, ಎಲ್ಲವನ್ನೂ ಮೊದಲು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬರೆದುಕೊಂಡು, ಆಮೇಲೆ ಎಳೆ ಎಣಿಸಿ ಹೊಲಿಯುತ್ತಾಳೆ. ಆರು ವರ್ಷಗಳಲ್ಲಿ ಹಾಗೆ ಬರೆದ ನಮೂನೆಗಳು ನಾನೂರಕ್ಕೂ ಹೆಚ್ಚು. ಕೆಲವಂತೂ ತೀರಿಕೊಂಡ ಅವಳ ಸೋದರತ್ತೆಯ ಹಳೆಯ ಸೀರೆಗಳಿಂದ ಎಣಿಸಿ ತೆಗೆದಂಥವು. ಆ ಸೀರೆಗಳು ಈಗ ಹರಿದುಹೋಗಿವೆ, ನಮೂನೆ ಉಳಿದದ್ದು ಕಂಪ್ಯೂಟರಿನಲ್ಲಿ ಮಾತ್ರ.

"ಇವನ್ನ ಇನ್ನೊಂದು ಕಡೆನೂ ಇಡ್ರಿ. ಇದಕ್ಕೇನರ ಆತಂದ್ರ ಏನ್ ಮಾಡೂದು?" ಎಂದು ಅವಳು ಎರಡು ವರ್ಷದಿಂದ ಹೇಳುತ್ತಿದ್ದಳು.

"ನಾ ಇರೂತನಕಾ ಇದಕ್ಕ ಏನೂ ಆಗಂಗಿಲ್ಲ" ಎಂದು ನಾನು ಎರಡು ವರ್ಷದಿಂದ ಉತ್ತರಿಸುತ್ತಿದ್ದೆ.

ಅವತ್ತು ನೀಲಾ ಗಿರಾಕಿಯೊಬ್ಬರಿಗೆ ಸೀರೆ ಕೊಟ್ಟು ಬರಲು ಬೆಳಗಿನ ಬಸ್ಸಿಗೆ ಹುನಗುಂದಕ್ಕೆ ಹೋಗಿದ್ದಳು. ಮನೆಯ ಬಾಗಿಲಿಗೆ ನನ್ನ ಹೆಸರಿನ ಫಲಕವೊಂದನ್ನು ಮಾಡಿಸುವ ವಿಚಾರ ನನಗೆ ಬಹಳ ದಿನದಿಂದ ಇತ್ತು. ಅದಕ್ಕೊಪ್ಪುವ ಗಂಭೀರವಾದ ಅಕ್ಷರಗಳು ಪುಕ್ಕಟೆ ಸಿಗುತ್ತವೆಯೇ ಎಂದು ಇಂಟರ್ನೆಟ್ಟಿನಲ್ಲಿ ಹುಡುಕುತ್ತ ಕೂತೆ. ಒಂದು ಕಡೆ ಹಸಿರು ಬಟನ್ ಕಂಡಿತು. ಒತ್ತಿದೆ.

ಪರದೆ ಕೆಂಪಾಯಿತು! ಒಳಗಿಂದ ಬೆಂಕಿ ಆರಿಸುವ ಗಾಡಿಯ ಹಾಗೆ ಸೈರನ್ ಶುರುವಾಯಿತು. ಅದರ ಮಧ್ಯೆ ಒಬ್ಬ ಹೆಣ್ಣುಮಗಳು ಇಂಗ್ಲಿಷಿನಲ್ಲಿ, ನಿಮ್ಮ ಕಂಪ್ಯೂಟರಿಗೆ ಐದು ವೈರಸ್ ಹೊಕ್ಕಿವೆ, ಆರಿಸಬೇಡಿ, ಕೂಡಲೇ ಕೆಳಗಿನ ನಂಬರಿಗೆ ಫೋನ್ ಮಾಡಿ ಎಂದು ಒಂದೇ ಸಮನೆ ಹೇಳತೊಡಗಿದಳು. ಐದು ವೈರಸ್! ಒಂದಾದರೆ ಹೇಗೋ ನಿಭಾಯಿಸಬಹುದಿತ್ತು.

ಪಕ್ಕದ ಮನೆಯ ನೇಕಾರ ಈರಣ್ಣ ಮಗ್ಗ ನಿಲ್ಲಿಸಿ ಓಡಿಬಂದ.

"ಏನ್ರಿ ಮಾಸ್ತರ, ಗ್ಯಾಸ್ ಸೋರಾಕತ್ತೈತೇನು?"

"ಇಲ್ಲೋ ಈರಣ್ಣ, ಕಂಪ್ಯೂಟರಿಗೆ ವೈರಸ್ ಬಂದೈತಿ."

"ಹಂಗಾದ್ರ ಸ್ವಿಚ್ ಆರಿಸಿ ಬಿಡ್ರಲಾ."

"ಆರಿಸಬ್ಯಾಡ ಅಂತ ಅದರಾಗ ಬರದೈತಿ."

ಈರಣ್ಣ ಪರದೆಯನ್ನೊಮ್ಮೆ ನೋಡಿ, "ಅದನ್ನ ಬರದಾವ್ರು ಯಾರ್ರಿ?" ಎಂದ.

ಇಡೀ ಪ್ರಕರಣದಲ್ಲಿ ಯಾರಾದರೂ ಕೇಳಿದ ಅತ್ಯಂತ ಬುದ್ಧಿವಂತ ಪ್ರಶ್ನೆ ಅದು. ನಾನು ಅವನತ್ತ ಕನಿಕರದಿಂದ ನೋಡಿ, "ಇದು ಟೆಕ್ನಿಕಲ್ ವಿಷಯ, ನಿನಗ ತಿಳಿಯಂಗಿಲ್ಲ" ಎಂದು ಹೇಳಿ ಕಳಿಸಿದೆ. ನಂತರ ಕನ್ನಡಕ ಸರಿಮಾಡಿಕೊಂಡು, ಪರದೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಒಂದಂಕಿಯೂ ತಪ್ಪಲಿಲ್ಲ. ಗಣಿತದ ಮಾಸ್ತರ ನೋಡಿ!

"ನಮಸ್ಕಾರ ಸರ್, ನಾನು ಅಭಿಷೇಕ್, ಕಂಪ್ಯೂಟರ್ ಸುರಕ್ಷತಾ ಕೇಂದ್ರದಿಂದ. ತಾವು ದಯವಿಟ್ಟು ಗಾಬರಿಯಾಗಬೇಡಿ."

ತಾವು! ಅರವತ್ತಾರು ವರ್ಷದಲ್ಲಿ ನನಗೆ ಯಾರೂ ಅಷ್ಟು ಚಂದ ತಾವು ಅಂದಿರಲಿಲ್ಲ. ಇಷ್ಟು ಶುದ್ಧ ಕನ್ನಡ ಮಾತಾಡುವವನು ಕಳ್ಳನಾಗಿರಲು ಹೇಗೆ ಸಾಧ್ಯ? ನಾನೂ ನನ್ನ ಮಾತನ್ನು ಇಸ್ತ್ರಿ ಮಾಡಿಕೊಂಡು, "ತಮ್ಮಿಂದ ಉಪಕಾರವಾಗಬೇಕು" ಎಂದೆ.

ಅವನು ಹೇಳಿದಂತೆ ಕೀಲಿಗಳನ್ನು ಒತ್ತಿದೆ. ಒಂದು ಪಟ್ಟಿ ತೆರೆಯಿತು. ಅದರ ತುಂಬ ಕೆಂಪು ಗುರುತು, ಹಳದಿ ಗುರುತು.

"ಎಷ್ಟಿವೆ ಸರ್?"

ಎಣಿಸತೊಡಗಿದೆ. ಎಪ್ಪತ್ತಕ್ಕೆ ಬರುವಷ್ಟರಲ್ಲಿ ಬಾಯಿ ಒಣಗಿತು. ಅಂಥ ಪಟ್ಟಿ ಪ್ರಪಂಚದ ಪ್ರತಿಯೊಂದು ಕಂಪ್ಯೂಟರಿನಲ್ಲೂ ಇರುತ್ತದೆ, ಅದರಲ್ಲಿ ಹೆಚ್ಚಿನವು ಸಣ್ಣಪುಟ್ಟ ದಾಖಲೆಗಳು ಎಂಬುದು ನನಗೆ ತಿಳಿದದ್ದು ಮರುದಿನ. ಅವತ್ತು ಮಾತ್ರ, ಆಸ್ಪತ್ರೆಯಲ್ಲಿ ರಿಪೋರ್ಟು ಕೈಗೆ ಸಿಕ್ಕವನ ಹಾಗೆ ಕೂತುಬಿಟ್ಟೆ.

"ಸರ್, ಇನ್ನು ಅರ್ಧ ಗಂಟೆಯಲ್ಲಿ ತಮ್ಮ ಎಲ್ಲಾ ಫೈಲುಗಳು ಅಳಿಸಿಹೋಗುತ್ತವೆ."

ನೀಲಾಳ ನಾನೂರು ನಮೂನೆಗಳು ಕಣ್ಣಮುಂದೆ ಬಂದವು. ಆಮೇಲೆ ನೀಲಾ ಬಂದಳು. ಎರಡನೆಯದಕ್ಕೇ ಹೆಚ್ಚು ನಡುಗಿದೆ.

ಅಭಿಷೇಕ್ ಒಂದು ಸಣ್ಣ ಪ್ರೋಗ್ರಾಮ್ ಇಳಿಸಿಕೊಳ್ಳಲು ಹೇಳಿದ. ಇಳಿಸಿಕೊಂಡೆ. ಅದರಲ್ಲೊಂದು ಒಂಬತ್ತಂಕಿಯ ಸಂಖ್ಯೆ ಬಂತು. ಓದಿ ಹೇಳಿದೆ. ಒಪ್ಪಿಗೆ ಕೇಳಿತು. ಒಪ್ಪಿದೆ. ಕೂಡಲೇ ಪರದೆಯ ಮೇಲಿನ ಬಾಣ ತನ್ನಷ್ಟಕ್ಕೆ ತಾನೇ ಓಡಾಡಲು ಹತ್ತಿತು! ಮೌಸು ನನ್ನ ಕೈಯಲ್ಲಿ ಇರಲೇ ಇಲ್ಲ. ಎಲ್ಲೋ ಕೂತವನು ನನ್ನ ಮನೆಯಲ್ಲಿ ಕೆಲಸ ಮಾಡುತ್ತಿದ್ದಾನೆ! ವಿಜ್ಞಾನ ಇಷ್ಟು ಮುಂದುವರಿದಿದೆಯಲ್ಲ ಎಂದು ನನಗೆ ರೋಮಾಂಚನವೇ ಆಯಿತು. ಸೈರನ್ ಕೂಡ ನಿಂತಿತು. ನಾನು ಪರದೆಗೆ ಕೈಮುಗಿದೆ.

"ಚಿಕ್ಕದೊಂದು ನೋಂದಣಿ ಶುಲ್ಕ ಸರ್. ತಮ್ಮ ಬ್ಯಾಂಕಿನ ಪುಟ ತೆರೆಯಿರಿ" ಎಂದ ಅಭಿಷೇಕ್.

ಇಲ್ಲಿ ನಾನು ಎಚ್ಚೆತ್ತೆ. "ನೋಡಿ, ನಾನು ವಿದ್ಯಾವಂತ. ಪಾಸ್‌ವರ್ಡ್, ಓಟಿಪಿ ಯಾರಿಗೂ ಹೇಳುವುದಿಲ್ಲ!" ಎಂದು ಖಡಾಖಂಡಿತವಾಗಿ ಹೇಳಿದೆ.

"ತಮ್ಮಂಥ ಜಾಗೃತ ಗ್ರಾಹಕರು ಅಪರೂಪ ಸರ್. ದಯವಿಟ್ಟು ನನಗೆ ಹೇಳಲೇಬೇಡಿ. ತಾವೇ ಟೈಪ್ ಮಾಡಿ."

ಎಂಥ ಪ್ರಾಮಾಣಿಕ ಮನುಷ್ಯ! ನಾನು ಕಂಪ್ಯೂಟರನ್ನು ಅವನ ಕೈಗೆ ಕೊಟ್ಟು, ಅವನು ನೋಡುತ್ತಿದ್ದ ಅದೇ ಪರದೆಯಲ್ಲಿ, ಬಾಯಿಂದ ಒಂದಕ್ಷರವೂ ಹೊರಬೀಳದಂತೆ ತುಟಿ ಬಿಗಿಹಿಡಿದು, ಎಲ್ಲವನ್ನೂ ಗುಟ್ಟಾಗಿ ಟೈಪ್ ಮಾಡಿದೆ. ಓಟಿಪಿ ಬಂತು. ಅದನ್ನೂ ಗುಟ್ಟಾಗಿ ಟೈಪ್ ಮಾಡಿದೆ. ಪರದೆ ಕಪ್ಪಾಯಿತು. ತಪಾಸಣೆ ನಡೆದಿದೆ, ಮುಟ್ಟಬೇಡಿ ಎಂದ. ನಾನು ಮುಟ್ಟಲಿಲ್ಲ. ಅಷ್ಟೊತ್ತಿಗೆ ಇನ್ನೊಂದು ಓಟಿಪಿ ಬಂತು. ಕಪ್ಪು ಪರದೆಯ ನಡುವೆ ಅದಕ್ಕೊಂದು ಬಿಳಿ ಚೌಕವೂ ಬಂತು. ತುಂಬಿದೆ. ಸಾಲೆಯಲ್ಲಿ ಇಷ್ಟು ವಿಧೇಯ ವಿದ್ಯಾರ್ಥಿ ನನಗೊಬ್ಬನೂ ಸಿಕ್ಕಿರಲಿಲ್ಲ.

ಹುನಗುಂದದಿಂದ ನೀಲಾ ಬಂದಳು. ಕೈಚೀಲ ಇನ್ನೂ ಹೆಗಲಲ್ಲಿತ್ತು.

"ಯಾರ ಜೋಡಿ ಮಾತಾಡಾಕತ್ತೀರಿ?"

"ಸುಮ್ನಿರು, ನಿನ್ನ ಕಸೂತಿ ಉಳಸಾಕತ್ತೇನಿ" ಎಂದು ಪಿಸುಗುಟ್ಟಿದೆ.

ಆಗಲೇ, ಸ್ಪೀಕರ್ ಹಚ್ಚಿ ಮೇಜಿನ ಮೇಲಿಟ್ಟಿದ್ದ ಫೋನಿನಲ್ಲಿ ಬ್ಯಾಂಕಿನ ಸಂದೇಶ ಬಂತು. ನೀಲಾ ಓದಿದಳು.

"ಏನ್ರಿ... ಎಂಬತ್ತು ಸಾವಿರ ಹೋಗೇತಿ!"

ಆ ಹಣ ಅವಳ ಮೊಣಕಾಲಿನ ಆಪರೇಶನ್ನಿಗೆ ಎಂದು ಕೂಡಿಸಿದ್ದು.

"ಅಭಿಷೇಕ್ ಅವರೇ, ಎಲ್ಲೋ ಲೆಕ್ಕ ತಪ್ಪಿದೆ" ಎಂದೆ. ಆಗಲೂ ಅವರೇ ಎಂದೆ!

ನೀಲಾ ಫೋನು ಕಸಿದುಕೊಂಡು, "ಯಾರಪಾ ನೀ? ಇಡೋ ಫೋನು!" ಎಂದಳು. ಅಷ್ಟೇ. ಆ ಕಡೆಯ ಸಭ್ಯತೆ ಒಮ್ಮೆಲೇ ಉದುರಿಹೋಯಿತು.

"ಏಯ್, ಫೋನ್ ಇಟ್ಟರೆ ನಿಮ್ಮ ಫೈಲೆಲ್ಲಾ ಡಿಲೀಟ್ ಮಾಡ್ತೀನಿ, ಸುಮ್ನೆ ಹೇಳಿದಂಗೆ ಕೇಳು!"

ಕಪ್ಪು ಪರದೆ ಸರಿಯಿತು. ಬಾಣ ನೇರವಾಗಿ ಕಸೂತಿ ಎಂಬ ಫೋಲ್ಡರಿಗೆ ಹೋಗಿ ಅದನ್ನು ತೆರೆಯಿತು. ಒಂದು ನವಿಲು ಹೋಯಿತು. ಒಂದು ಗೋಪುರ ಹೋಯಿತು. ನಮ್ಮ ಕಣ್ಣೆದುರೇ!

ನೀಲಾ ಗೋಡೆಯ ಪ್ಲಗ್ ಕಿತ್ತೆಸೆದಳು. ಏನೂ ಆಗಲಿಲ್ಲ. ಯುಪಿಎಸ್ಸು ಪೀಂ ಪೀಂ ಎಂದು ಕೂಗುತ್ತ ನಿಷ್ಠೆಯಿಂದ ಕೆಲಸ ಮುಂದುವರಿಸಿತು.

"ಇದ್ಯಾಕ ಆರವಲ್ದು?"

"ಎರಡ ತಾಸ್ ಆರಂಗಿಲ್ಲ. ಭಾರೀ ಬ್ಯಾಟರಿ ಐತಿ" ಎಂದೆ. ದೇವರಾಣೆಗೂ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

"ಈರಣ್ಣಾ!" ಎಂದು ನೀಲಾ ಕೂಗಿದ ಕೂಗಿಗೆ ಈರಣ್ಣ ಎಳೆ ಕತ್ತರಿಸುವ ಕತ್ತರಿ ಹಿಡಿದುಕೊಂಡೇ ಓಡಿಬಂದ. "ಏನ್ ಮಾಡ್ಲಿ ವೈನಿ?"

"ಇಂಟರ್ನೆಟ್ಟಿನ ವೈರ್ ಕತ್ತರಸು!"

"ಯಾವುದ್ರಿ ಅದು?"

ಇಬ್ಬರೂ ನನ್ನತ್ತ ನೋಡಿದರು. ಮೇಜಿನ ಹಿಂದೆ ಆರು ವೈರುಗಳಿದ್ದವು. ಸಂಪೂರ್ಣ ಆಡಳಿತ ನನ್ನದಲ್ಲವೇ! ಗಂಭೀರವಾಗಿ ಒಂದನ್ನು ತೋರಿಸಿದೆ. ಈರಣ್ಣ ಕತ್ತರಿಸಿದ. ಪ್ರಿಂಟರ್ ಸತ್ತಿತು. ಇನ್ನೊಂದು ತೋರಿಸಿದೆ. ಕತ್ತರಿಸಿದ. ಸ್ಪೀಕರ್ ಸತ್ತಿತು. ಪರದೆಯಲ್ಲಿ ಆನೆಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಮೂರನೆಯದಕ್ಕೆ ಈರಣ್ಣ ನನ್ನನ್ನು ಕೇಳಲೇ ಇಲ್ಲ. ಕಿಟಕಿಯಿಂದ ಒಳಗೆ ಬಂದಿದ್ದ ಹಳದಿ ವೈರನ್ನು ತಾನೇ ನೋಡಿ ಕಚಕ್ಕನೆ ಕತ್ತರಿಸಿದ. ಬಾಣ ನಿಂತಿತು.

ನೀಲಾ ಕಣ್ಣೊರೆಸಿಕೊಂಡು ಬ್ಯಾಂಕಿಗೆ, ಸೈಬರ್ ಸಹಾಯವಾಣಿಗೆ ಫೋನು ಮಾಡಿದಳು. ಖಾತೆ ಬಂದ್ ಆಯಿತು. ಅವಳು ಎಲ್ಲವನ್ನೂ ಹತ್ತು ನಿಮಿಷದಲ್ಲಿ ಮಾಡಿದಳು. ನಾನು ಗೋಡೆಗೆ ಒರಗಿ ನಿಂತು ನೀರು ಕುಡಿದೆ.

ಮರುದಿನ ಕಂಪ್ಯೂಟರನ್ನು ಚಾದರಿನಲ್ಲಿ ಕಟ್ಟಿಕೊಂಡು ಇಬ್ಬರೂ ಬಾಗಲಕೋಟೆಯ ಸೈಬರ್ ಠಾಣೆಗೆ ಹೋದೆವು. ಅಲ್ಲಿದ್ದ ಮಹಿಳಾ ಅಧಿಕಾರಿ ದೂರು ಬರೆದುಕೊಡಲು ಹೇಳಿದರು. ನಾನು ಎರಡು ಪುಟ ಬರೆದೆ. "ಅತ್ಯಾಧುನಿಕ ತಂತ್ರಜ್ಞಾನದಲ್ಲಿ ನುರಿತ ತಂಡವೊಂದು ವ್ಯವಸ್ಥಿತ ಸಂಚು ಹೂಡಿ, ಸದರಿ ಅರ್ಜಿದಾರನ ಕಂಪ್ಯೂಟರಿಗೆ ಬಲವಂತವಾಗಿ ನುಗ್ಗಿ..." ಎಂದು ಮುಂತಾಗಿ. ನೀಲಾ ಓದಿದಳು. ಪೆನ್ನು ತೆಗೆದುಕೊಂಡು ಎರಡೂ ಪುಟಕ್ಕೆ ಗೀಟು ಎಳೆದಳು. ಕೆಳಗೆ ಬರೆದಳು: "ಇವರೇ ಫೋನ್ ಮಾಡಿ ಕರೆದರು." ನಾನು ಸಹಿ ಮಾಡಿದೆ.

ಅಧಿಕಾರಿ ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

"ನೋಡ್ರಿ ಸರ, ಖರೇ ಕಂಪ್ನಿಯವ್ರು ಪರದೆ ಮ್ಯಾಲೆ ಫೋನ್ ನಂಬರ್ ಕೊಟ್ಟು ಹಿಂಗ ಕರ್ಯಾಂಗಿಲ್ಲ. ಅದು ಎಷ್ಟ ಒದರಿದ್ರೂ ಒದರಲಿ, ಫೋನ್ ಮಾಡಬ್ಯಾಡ್ರಿ. ಆರಿಸಿ ಎದ್ದು ಬಿಡ್ರಿ. ಗುರ್ತು ಇಲ್ಲದವ್ರಿಗೆ ಕಂಪ್ಯೂಟರ್ ಬಿಟ್ಟು ಕೊಡೂದಂದ್ರ ಮನಿ ಕೀಲಿ ಕೊಟ್ಟಂಗ. ಇಂಥಾವು ಭಾಳ ಬರತಾವ್ರಿ. ಡಾಕ್ಟರು, ವಕೀಲರೂ ಬರತಾರ."

ನನಗೆ ಸ್ವಲ್ಪ ಸಮಾಧಾನವಾಯಿತು. ಆಮೇಲೆ ಅವರು, "ಆದ್ರ ಪರದೆಗೆ ಕೈಮುಗದವ್ರು ನೀವ ಮೊದಲ್ನೇದವ್ರು" ಎಂದರು. ಆ ವಿಷಯವನ್ನು ಹೇಳಿದ್ದು ನಾನೇ!

ಅಳಿಸಿಹೋದ ನಮೂನೆಗಳು ಹತ್ತೊಂಬತ್ತು. ರಿಪೇರಿಯವರು ಹದಿನಾಲ್ಕನ್ನು ಹುಡುಕಿ ತೆಗೆದರು. ಐದು ಸಿಗಲೇ ಇಲ್ಲ. ಅದರಲ್ಲಿ ಸೋದರತ್ತೆಯ ನವಿಲೂ ಒಂದು. ನೀಲಾ ನನಗೆ ಬೈಯಲಿಲ್ಲ. ಚೌಕದ ಹಾಳೆ ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ ನೆನಪಿಸಿಕೊಳ್ಳುತ್ತ, "ಎಡಕ್ಕ ನಾಕು, ಮ್ಯಾಲ ಎರಡು" ಎಂದು ಹೇಳುತ್ತಿದ್ದಳು. ನಾನು ಗುರುತು ಹಾಕುತ್ತಿದ್ದೆ. ಮೊದಲನೇ ಸಲ ನವಿಲಿಗೆ ಮೂರು ಕಾಲಾದವು. ಎಂಟನೇ ದಿನ ನವಿಲು ನವಿಲಿನಂತೆ ಆಯಿತು. ಆದರೂ ಅವಳು ಬಹಳ ಹೊತ್ತು ನೋಡಿ, "ಕುತ್ತಿಗಿ ಹಿಂಗ ಇರಲಿಲ್ಲ" ಎಂದಳು. ನನಗೆ ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅಂದಿನಿಂದ ನಾನು ಬಹಳ ಜಾಗರೂಕನಾದೆ. ತಿಂಗಳೊಪ್ಪತ್ತಿನಲ್ಲಿ ಒಂದು ಮಧ್ಯಾಹ್ನ ಫೋನ್ ಬಂತು, ಹೆಣ್ಣುದನಿ.

"ಸರ, ಬ್ಯಾಂಕಿನಿಂದ ಮಾತಾಡಾಕತ್ತೇನ್ರಿ. ನಿಮ್ಮ ರೊಕ್ಕದ ವಿಷಯ..."

ಮುಂದೆ ಹೇಳಲು ನಾನು ಬಿಡಲಿಲ್ಲ. "ಲೇ ಕಳ್ಳಿ, ಮತ್ತ ಬಂದೇನು? ದುಡದ್ ತಿನ್ನಾಕ ಏನಾಗೇತಿ ನಿಮಗ? ತಾಯಿ ತಂದಿ ಇದನ್ನ ಕಲಿಸ್ಯಾರೇನು?" ಎಂದು ಸುಮಾರು ಐದು ನಿಮಿಷ ನೀತಿಬೋಧೆ ಮಾಡಿ ಫೋನು ಇಟ್ಟೆ. ಮರುದಿನ ಮತ್ತೆ ಬಂತು. ಹತ್ತು ನಿಮಿಷ ಬೈದೆ. ಮೂರನೇ ದಿನ ಬಂದಾಗ ನನ್ನ ಮಾತಿಗೆ ಒಂದು ಓಘವೇ ಬಂದಿತ್ತು. ಅಡುಗೆಮನೆಯಿಂದ ನೀಲಾ, "ಇಷ್ಟ ಸಲ ಮಾಡ್ತಾರಂದ್ರ, ಒಮ್ಮೆ ಬ್ಯಾಂಕಿಗೇ ಹೋಗಿ ಕೇಳೂಣು ನಡ್ರಿ" ಎಂದಳು.

ಹೋದೆವು. ಕೌಂಟರಿನಲ್ಲಿದ್ದ ಹುಡುಗಿ ನನ್ನನ್ನು ಕಂಡು ಎದ್ದು ನಿಂತಳು.

"ಬರ್ರಿ ಸರ! ಗುರ್ತು ಹತ್ತಿತೇನ್ರಿ? ಹತ್ತನೇ ಕ್ಲಾಸಿನ್ಯಾಗ ನೀವ ನಮಗ ಗಣಿತ ಕಲಿಸಿದ್ದು. ಮೂರು ದಿನದಿಂದ ನಾನ ಫೋನ್ ಮಾಡಾಕತ್ತಿದ್ದೆ. ನಿಮ್ಮ ಎಂಬತ್ತರಾಗ ಅರವತ್ತು ಸಾವಿರ ನಡುವ ತಡದಿದ್ರು, ವಾಪಸ್ ಬಂದೈತ್ರಿ."

ನೀಲಾ ಬೆಂಚಿನ ಮೇಲೆ ಕೂತು ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು.

"ತಂಗಿ, ನಾ ನಿನಗ ಭಾಳ ಬೈದ್ನೆವಾ..."

"ಇರ್ಲಿ ಬಿಡ್ರಿ ಸರ. ಫೋನ್ ನಂಬದೇ, ಬ್ಯಾಂಕಿಗೇ ಬಂದ್ರಿ, ಅದು ಚಲೋ ಮಾಡೀರಿ. ಮತ್ತ ಬೈಗಳಾ ನಮಗ ಸಾಲ್ಯಾಗಿಂದ ರೂಢಿ ಐತಿ. ಮೂರನೇ ಸಲ ಸ್ಪೀಕರ್ ಹಚ್ಚಿದ್ದೆ. ಎಲ್ಲಾರೂ ಚಾ ಕುಡಕೋತ ಕೇಳಿದ್ರು."

ಕೌಂಟರುಗಳ ಹಿಂದಿನಿಂದ ಏಳೆಂಟು ಮುಖಗಳು ನನ್ನತ್ತ ನೋಡಿ ಗೌರವದಿಂದ ತಲೆಬಾಗಿದವು.

ಹುಡುಗಿ ಒಂದು ಫಾರ್ಮ್ ಮುಂದಿಟ್ಟಳು. ಇನ್ನು ಯಾರೂ ನನ್ನನ್ನು ಮರುಳು ಮಾಡಲಾರರು ಎಂದುಕೊಂಡು, ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿ, ಪೂರ್ತಿ ಎಚ್ಚರದಿಂದ ಸಹಿ ಹಾಕಿದೆ.

ಬ್ಯಾಂಕ್ ಮ್ಯಾನೇಜರ್ ಸಹಿ ಹಾಕಬೇಕಾದ ಜಾಗದಲ್ಲಿ!